ಗೋಡಿನಲ್ಲಿ ಸಿಕ್ಕ ಧಾತು ಬರ

"ಊರ ಕೆರೆಯಲ್ಲಿ ಹಳೇ ಮಳೆ ಹುಡುಕ್ತೀಯಾ? ಎಮ್ಮೆ ಹೆಜ್ಜೆ ಸಿಗುತ್ತೆ ಅಷ್ಟೇ" ಎಂದು ನಕ್ಕವರೇ ಜಾಸ್ತಿ. ಅವರಿಗೆ ರಾಜಸ್ಥಾನದ ಸಾಂಭರ್ ಉಪ್ಪಿನ ಸರೋವರದ ಥರದ್ದೇ ಬೇಕು. ನನ್ನದು ಚಿತ್ರದುರ್ಗದ ಕಡೆಯ, ಬೇಸಿಗೆಗೆ ಒಣಗುವ ಕೆರೆ. ಅದರ ತಳದಲ್ಲಿ ಪದರ ಪದರವಾಗಿ ಕೂತ ಗೋಡಿನಲ್ಲಿ, ಅಂದರೆ ಹೂಳಿನಲ್ಲಿ, ಹಳೇ ಮಳೆ-ಬರದ ಗುರುತು ಹುಡುಕಬೇಕಿತ್ತು. ನಾಲ್ಕು ವರ್ಷ ಹಿಡಿಯಿತು, ಆದರೂ ಆಯಿತು.

ಮೊದಲ ವರ್ಷ ಪೂರ್ತಿ ದಂಡ. ಕೆರೆ ನಡುವೆ ಪಿವಿಸಿ ಪೈಪ್ ಹೊಡೆದೆವು. ಒಂದೂವರೆ ಮೀಟರ್ ಇಳಿಸಿದರೆ ಮಣ್ಣು ಬಂದಿದ್ದು ಮುಕ್ಕಾಲು ಮೀಟರ್. ಅದನ್ನೇ ಡೇಟಿಂಗ್‌ಗೆ, ಅಂದರೆ ವಯಸ್ಸು ಪತ್ತೆಹಚ್ಚಲು ಕಳಿಸಿದೆ. ಮೂರು ಕಾರ್ಬನ್ ಡೇಟ್‌ಗೆ ಸುಮಾರು 60 ಸಾವಿರ ಹೋಯಿತು. ನೋಡಿದರೆ ಕೆಳಗಿನ ಮಣ್ಣಿಗಿಂತ ಮೇಲಿನದಕ್ಕೇ ವಯಸ್ಸು ಹೆಚ್ಚು! ಹೊಲದಿಂದ ಕೊಚ್ಚಿ ಬಂದ ಹಳೇ ಕಾರ್ಬನ್ ಬೆರೆತ ಇಡೀ ಮಣ್ಣು ಕಳಿಸಿದ್ದು ನನ್ನದೇ ತಪ್ಪು. ಈಗ ಜರಡಿ ಹಿಡಿದು ಬೀಜ, ಇದ್ದಿಲ ಚೂರು ಮಾತ್ರ ಆರಿಸುತ್ತೇನೆ.

ಎರಡನೇ ಸಲ ಕೆರೆ ಒಣಗಿದಾಗ ಗುಂಡಿ ತೋಡಿಸಿದೆ. ಸೆಂಟಿಮೀಟರಿಗೊಂದರಂತೆ 180ರಷ್ಟು ಸ್ಯಾಂಪಲ್. ಕೆರೆದಿದ್ದು ಕಬ್ಬಿಣದ ಕರಣೆಯಲ್ಲಿ! ಅಳೆಯಲು ಹೊರಟಿದ್ದು ಮಣ್ಣಿನ ಕಾಂತಗುಣ. ಮಳೆ ಚೆನ್ನಾಗಿ ಆದರೆ ಹೊಲದ ಮಣ್ಣಿನಲ್ಲಿ ಕಾಂತಗುಣದ ಸಣ್ಣ ಕಣ ಹೆಚ್ಚು ಹುಟ್ಟಿ, ಕೊಚ್ಚಿಕೊಂಡು ಕೆರೆಗೆ ಬರುತ್ತವೆ. ತುಕ್ಕು ಸೇರಿ ಗ್ರಾಫ್ ಗರಗಸದ ಹಲ್ಲಿನಂತಾಯಿತು. ಈಗ ಗುದ್ದಲಿ ತಾಗಿದ ಮುಖವನ್ನು ಒಂದು ಗೇಣು ಒಳಗೆ ಕೆರೆದು, ಬಿದಿರಿನ ಸೀಳಿನಲ್ಲಿ ತೆಗೆಯುತ್ತೇನೆ.

ದಾರಿ ತೋರಿಸಿದ್ದು ಎಮ್ಮೆ ಕಾಯುತ್ತಿದ್ದ ಅಜ್ಜ. "ಅಲ್ಯಾಕೆ ತೋಡ್ತೀರಿ ಸ್ವಾಮಿ? ನಮ್ಮಪ್ಪ ಅಲ್ಲಿಂದ ಗಾಡಿಗಟ್ಲೆ ಗೋಡು ಹೊಲಕ್ಕೆ ಹೊಡ್ದಿದ್ರು. ಆ ಮೂಲೆ ಯಾರೂ ಮುಟ್ಟಿಲ್ಲ ನೋಡಿ." ನಾನು ಇಷ್ಟು ದಿನ ತೋಡಿದ್ದು ಅರ್ಧ ಇತಿಹಾಸ ಗಾಡಿ ಹತ್ತಿ ಹೋದ ಜಾಗ! ಗೋಡು ತೆಗೆದ ಗುರುತನ್ನು ಗುಂಡಿಯ ಗೋಡೆಯಲ್ಲಿ ಹೇಗೆ ಹಿಡಿಯುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು. ಕೂಳೆ ಸುಟ್ಟ ಹೊಲದ ಮಣ್ಣೂ ಮಳೆಯ ಹಾಗೇ ಕಾಂತಗುಣ ಏರಿಸುತ್ತೆ ಅಲ್ವಾ? ನೋಡೋಣ ಎಂದು ಕೆಂಪು ಮಣ್ಣಿಗೆ ಒಂದಿಷ್ಟು ಸೊಪ್ಪು ಬೆರೆಸಿ ಬಾಣಲೆಯಲ್ಲಿ ಹುರಿದೆ. ರೀಡಿಂಗ್ ಎರಡರಷ್ಟಾಯಿತು. ಮನೆಯಾಕೆ ಇವತ್ತಿಗೂ ಆ ಬಾಣಲೆ ಮುಟ್ಟಿಲ್ಲ. ಆದರೆ ಇದ್ದಿಲು ಜಾಸ್ತಿ ಇರುವ ಪದರಗಳನ್ನು ಬೇರೆ ಇಡಬೇಕು ಅನ್ನುವುದು ಗೊತ್ತಾಯಿತು.

ಅಜ್ಜನ ಮೂಲೆಯಲ್ಲಿ ಎಲ್ಲ ಕೂಡಿ ಬಂತು. ಮೇಲಿನ ಭಾಗಕ್ಕೆ ಲೆಡ್-210, ಅಂದರೆ ವಿಕಿರಣ ಸೂಸುವ ಸೀಸದಿಂದ ಪದರದ ವಯಸ್ಸು ಹೇಳುವ ಪರೀಕ್ಷೆ ಮಾಡಿಸಿದೆ. ಕಾಂತಗುಣವನ್ನು ಎರಡು ಫ್ರೀಕ್ವೆನ್ಸಿಯಲ್ಲಿ ಅಳೆದರೆ ಬರುವ ವ್ಯತ್ಯಾಸ ಆ ಸಣ್ಣ ಕಣಗಳ ಲೆಕ್ಕ ಕೊಡುತ್ತೆ; ಅದರ ಗ್ರಾಫು ಹವಾಮಾನ ಇಲಾಖೆಯ ಮಳೆ ಲೆಕ್ಕದ ಜೊತೆಗೇ ಏರಿಳಿಯಿತು. 60 ಸೆಂಟಿಮೀಟರ್ ಹತ್ತಿರ ಎರಡು ಸ್ಯಾಂಪಲ್ ದಿಢೀರನೆ ಕುಸಿದಿವೆ. ಲೆಕ್ಕ ಹಾಕಿದರೆ 1870ರ ದಶಕ. 1876-78ರ ಧಾತು ಬರವೇ! ಅಷ್ಟು ಹಿಂದಕ್ಕೆ ಲೆಡ್ ಗಟ್ಟಿಯಾಗಿ ಹೇಳುವುದಿಲ್ಲ, ಹತ್ತು ವರ್ಷ ಆಚೀಚೆ ಆಗಬಹುದು. ಆದರೂ ಎಮ್ಮೆ ಹೆಜ್ಜೆ ಎಂದವರು ಈಗ ಸುಮ್ನಿದ್ದಾರೆ.

ಒಟ್ಟು ಖರ್ಚು ಎರಡೂವರೆ ಲಕ್ಷದ ಸುತ್ತ, ಅರ್ಧ ನನ್ನ ಜೇಬಿನದು. ಒಂದೂವರೆ ಮೀಟರ್ ಕೆಳಗೆ ಇನ್ನೂ ಉದ್ದದ ಒಣ ಕಾಲವೊಂದು ಕಾಣಿಸುತ್ತಿದೆ. ಅಲ್ಲಿ ಸಿಕ್ಕಿದ್ದು ಒಂದೇ ಬೀಜ. ಅದನ್ನು ಕಳಿಸಲು ಇನ್ನೊಂದು 20 ಸಾವಿರ ಹೊಂದಿಸಬೇಕು. ಅಲ್ಲಿಯವರೆಗೆ ಅದು ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ ಕೂತಿದೆ.