ಗುಂಪಿನ ಹೆಸರು ಮುಚ್ಚಿ ಓದುವುದು: ನನ್ನ ಅನುಭವ

ಎರಡು ಅರ್ಥ ಬರುವ ಸನ್ನಿವೇಶ ಎದುರಾದಾಗ ಆತಂಕ ಹೆಚ್ಚಿರುವವರು ಕೆಟ್ಟ ಅರ್ಥವನ್ನೇ ಹಿಡಿಯುತ್ತಾರೆ ಎಂಬುದು ಮನೋವಿಜ್ಞಾನದಲ್ಲಿ ಹೊಸ ಮಾತಲ್ಲ. 1989ರಲ್ಲಿ ಮ್ಯಾಥ್ಯೂಸ್, ರಿಚರ್ಡ್ಸ್ ಮತ್ತು ಐಸೆಂಕ್ ಇದನ್ನು ಅಳೆದ ಬಗೆ ಬಹಳ ಸರಳವಾಗಿತ್ತು. ಒಂದೇ ಉಚ್ಚಾರ, ಬೇರೆ ಬೇರೆ ಕಾಗುಣಿತವಿರುವ ಇಂಗ್ಲಿಷ್ ಪದಗಳನ್ನು ಕೇಳಿಸಿ, ಬರೆಯಲು ಹೇಳಿದರು. ‘ಡೈ’ ಎಂದರೆ ಸಾವೂ ಹೌದು, ಬಣ್ಣವೂ ಹೌದು. ಆತಂಕವಿದ್ದವರ ಹಾಳೆಯಲ್ಲಿ ಭಯದ ಕಾಗುಣಿತಗಳೇ ಹೆಚ್ಚು ಕಂಡವು. ಮುಂದೆ 2000ದಲ್ಲಿ ಮ್ಯಾಥ್ಯೂಸ್ ಮತ್ತು ಮ್ಯಾಕಿಂಟಾಶ್ ಈ ಒಲವನ್ನು ತರಬೇತಿಯಿಂದ ಬದಲಿಸಬಹುದೆಂದು ತೋರಿಸಿದರು.

ನಾನು ಕೆಲಸ ಮಾಡುವುದು ಇಂಥ ತರಬೇತಿಗಳ ಅಧ್ಯಯನದಲ್ಲಿ. ಭಾಗವಹಿಸಿದವರು ಬರೆದ ಉತ್ತರಗಳನ್ನು ಓದಿ ‘ಋಣಾತ್ಮಕ’, ‘ತಟಸ್ಥ’, ‘ಧನಾತ್ಮಕ’ ಎಂದು ಗುರುತು ಹಾಕುವುದು ನನ್ನ ಪಾಲಿನ ಕೆಲಸ. ಅವರ ಒಲವನ್ನು ಅಳೆಯುವ ನನಗೂ ಒಲವಿದೆ. ತರಬೇತಿ ಫಲಿಸಲಿ ಎಂದು ಯಾರಿಗೆ ತಾನೇ ಆಸೆ ಇರುವುದಿಲ್ಲ?

ಒಂದು ಉದಾಹರಣೆ ನೋಡಿ. ಪ್ರಶ್ನೆ ಹೀಗಿತ್ತು: ‘ಪರಿಚಯದವರೊಬ್ಬರು ಎದುರಿಗೆ ಬಂದರೂ ಮಾತನಾಡಿಸದೆ ಹೋದರು. ಏಕಿರಬಹುದು?’ ಉತ್ತರ: ‘ಏನೋ ಅವಸರವಿರಬೇಕು, ಇಲ್ಲದಿದ್ದರೆ ಮಾತನಾಡಿಸುತ್ತಿದ್ದರು.’ ಇದು ತರಬೇತಿ ಪಡೆದವರ ಉತ್ತರ ಎಂದು ಗೊತ್ತಿದ್ದರೆ, ‘ಇಲ್ಲದಿದ್ದರೆ ಮಾತನಾಡಿಸುತ್ತಿದ್ದರು’ ಎಂಬುದರಲ್ಲಿ ಸ್ನೇಹದ ಮೇಲಿನ ಭರವಸೆ ಕಾಣುತ್ತದೆ. ತರಬೇತಿ ಇಲ್ಲದವರದು ಎಂದು ಗೊತ್ತಿದ್ದರೆ, ಅದೇ ಮಾತು ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಿರುವವರ ಆತಂಕದಂತೆ ಕೇಳಿಸುತ್ತದೆ. ಎರಡೂ ಓದಿಗೆ ಸಮರ್ಥನೆ ಸಿದ್ಧವಾಗಿಯೇ ಇರುತ್ತದೆ, ಅದೇ ತೊಂದರೆ.

ಆದ್ದರಿಂದ ಉತ್ತರಗಳು ನನ್ನ ಕೈಗೆ ಬರುವ ಮೊದಲೇ ಬೇರೊಬ್ಬರು ಗುಂಪಿನ ಹೆಸರು (ತರಬೇತಿ ಪಡೆದವರೋ, ಪಡೆಯದವರೋ ಎಂಬುದು) ತೆಗೆದು, ಯಾದೃಚ್ಛಿಕ ಸಂಖ್ಯೆ ಕೊಟ್ಟು, ತರಬೇತಿಯ ಮುಂಚಿನ ಮತ್ತು ನಂತರದ ಉತ್ತರಗಳನ್ನು ಕಲೆಸಿಬಿಡುತ್ತಾರೆ. ಇಷ್ಟೇ ಸಾಲದು. ‘ಆ ಅಭ್ಯಾಸಗಳನ್ನು ಮಾಡಿದ ಮೇಲೆ ಹಾಗನ್ನಿಸುವುದಿಲ್ಲ’ ಎಂದು ಕೆಲವರು ಉತ್ತರದಲ್ಲೇ ಗುಟ್ಟು ಬಿಟ್ಟುಕೊಡುತ್ತಾರೆ, ಅಂಥ ಸಾಲುಗಳನ್ನೂ ಹೆಸರು ತೆಗೆಯುವವರೇ ಮರೆಮಾಡಬೇಕು. ಇನ್ನೊಂದು ಪದ್ಧತಿಯನ್ನು ನಾನು ಬಿಡುವುದೇ ಇಲ್ಲ. ಒಬ್ಬ ವ್ಯಕ್ತಿಯ ಎಲ್ಲ ಉತ್ತರಗಳನ್ನು ಒಟ್ಟಿಗೆ ಓದುವ ಬದಲು, ಒಂದು ಸನ್ನಿವೇಶಕ್ಕೆ ಎಲ್ಲರೂ ಬರೆದ ಉತ್ತರಗಳನ್ನು ಓದಿ ಮುಗಿಸಿ, ಆಮೇಲೆ ಮುಂದಿನ ಸನ್ನಿವೇಶಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ಮೊದಲ ಎರಡು ಉತ್ತರಗಳಲ್ಲಿ ಕಂಡ ಮನುಷ್ಯನೇ ಉಳಿದ ಉತ್ತರಗಳಲ್ಲೂ ಕಾಣತೊಡಗುತ್ತಾನೆ.

ನಮ್ಮ ಕೈಪಿಡಿಯ ಮುಖ್ಯ ನಿಯಮ ಒಂದೇ: ಬರೆದದ್ದಕ್ಕೆ ಗುರುತು ಹಾಕಬೇಕು, ಬರೆದವರ ಮನಸ್ಸಿನಲ್ಲಿ ಇದ್ದಿರಬಹುದಾದದ್ದಕ್ಕೆ ಅಲ್ಲ. ಅದರ ಪ್ರಕಾರ ಮೇಲಿನ ಉತ್ತರ ತಟಸ್ಥ. ಇದು ಒರಟು ನಿಯಮ, ಒಪ್ಪುತ್ತೇನೆ. ಕೆಲವು ಸೂಕ್ಷ್ಮಗಳು ಕೈತಪ್ಪುತ್ತವೆ, ಆದರೆ ಎರಡೂ ಗುಂಪಿನಲ್ಲಿ ಸಮನಾಗಿ ಕೈತಪ್ಪುತ್ತವೆ.

ಪ್ರತ್ಯೇಕವಾಗಿ ಕುಳಿತು ಇಬ್ಬರು ಗುರುತು ಹಾಕುತ್ತೇವೆ, ಆಮೇಲೆ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕ ಹಾಕುತ್ತೇವೆ. ಆಕಸ್ಮಿಕವಾಗಿ ಆಗಬಹುದಾದ ಒಪ್ಪಿಗೆಯನ್ನು ಕಳೆದು, ಉಳಿದ ಒಪ್ಪಿಗೆ ಎಷ್ಟೆಂದು ಅದು ಹೇಳುತ್ತದೆ. ಈ ಸಂಖ್ಯೆಯ ಮೇಲೆ ಅನೇಕರಿಗೆ ಇರುವಷ್ಟು ಭಕ್ತಿ ನನಗಿಲ್ಲ. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರು ಒಂದೇ ದಿಕ್ಕಿಗೆ ವಾಲಿದರೂ ಕಪ್ಪಾ ಚೆನ್ನಾಗಿಯೇ ಬರುತ್ತದೆ.

‘ನಾವು ಪ್ರಾಮಾಣಿಕರು, ಇಷ್ಟೆಲ್ಲ ಏಕೆ?’ ಎಂದು ಕೇಳುವವರಿಗೆ ರೋಸೆಂಥಾಲ್ ಮತ್ತು ಫೋಡ್ 1963ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳುತ್ತೇನೆ. ಸಾಮಾನ್ಯ ಇಲಿಗಳನ್ನೇ ಕೊಟ್ಟು, ಕೆಲವು ವಿದ್ಯಾರ್ಥಿಗಳಿಗೆ ‘ಇವು ಚುರುಕಿನ ತಳಿ’ ಎಂದೂ, ಉಳಿದವರಿಗೆ ‘ಇವು ಮಂದ ತಳಿ’ ಎಂದೂ ಹೇಳಲಾಗಿತ್ತು. ‘ಚುರುಕಿನ’ ಇಲಿಗಳು ಹೆಚ್ಚು ಚೆನ್ನಾಗಿ ಕಲಿತವೆಂದು ವರದಿ ಬಂತು. ಅದಕ್ಕೆ ಆ ವಿದ್ಯಾರ್ಥಿಗಳು ಮೋಸಗಾರರೇ ಆಗಿರಬೇಕಿಲ್ಲ.

ನಿಜವಾದ ಗಲಾಟೆ ಶುರುವಾಗುವುದು ಅಂಕಿಗಳು ಕೈಗೆ ಬಂದ ಮೇಲೆ. ವೈದ್ಯಕೀಯ ಸಂಶೋಧಕ ಟೆಡ್ ಕ್ಯಾಪ್ಟ್‌ಚಕ್ 2003ರ ಲೇಖನವೊಂದರಲ್ಲಿ ವಿಜ್ಞಾನಿಗಳು ಸಾಕ್ಷ್ಯವನ್ನು ವಾಲಿಸುವ ಹಲವು ಬಗೆಗಳನ್ನು ಪಟ್ಟಿ ಮಾಡಿದ್ದಾರೆ. ತಮಗೆ ಒಗ್ಗದ ಫಲಿತಾಂಶ ಬಂದಾಗ ಪ್ರಯೋಗದಲ್ಲೇ ಹುಳುಕು ಹುಡುಕಿ ಊಹೆಯನ್ನು ಕಾಪಾಡಿಕೊಳ್ಳುವುದು ಅವುಗಳಲ್ಲೊಂದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟಕ್ಕೆ ಇಲ್ಲಿ ಸಂಖ್ಯಾಶಾಸ್ತ್ರದ ಅಂಗಿ ತೊಡಿಸಿರುತ್ತಾರೆ, ಅಷ್ಟೇ.

ಇದಕ್ಕೆ ನಾನು ಅನುಸರಿಸುವ ವಿಧಾನ ಫಿನ್ಲೆಂಡಿನ ಮೂಳೆ ಶಸ್ತ್ರವೈದ್ಯರಿಂದ ಕಲಿತದ್ದು. ಮೊಣಕಾಲಿನ ಮೃದ್ವಸ್ಥಿಯ ಶಸ್ತ್ರಚಿಕಿತ್ಸೆಯನ್ನು ಹುಸಿ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಗುಂಪು ಯಾವುದೆಂದು ತಿಳಿಯುವ ಮೊದಲೇ ಎರಡು ವ್ಯಾಖ್ಯಾನಗಳನ್ನು ಸಿದ್ಧಪಡಿಸಿ, ಆಮೇಲೆ ಗುಟ್ಟು ಒಡೆದರು. ನಾವೂ ಗುಂಪುಗಳನ್ನು ‘ಅ’ ಮತ್ತು ‘ಆ’ ಎಂದೇ ಇಟ್ಟುಕೊಂಡು ವಿಶ್ಲೇಷಣೆ ಮುಗಿಸುತ್ತೇವೆ. ನಂತರ ‘ಅ’ ತರಬೇತಿ ಗುಂಪಾಗಿದ್ದರೆ ಎಂದು ಒಂದು ಚರ್ಚಾಭಾಗ, ‘ಆ’ ಆಗಿದ್ದರೆ ಎಂದು ಇನ್ನೊಂದು ಬರೆಯುತ್ತೇವೆ.

ಈ ಎರಡು ಕರಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದುವುದು ಸ್ವಾರಸ್ಯದ ಕೆಲಸ. ತರಬೇತಿ ಗೆಲ್ಲುವ ಕರಡಿನಲ್ಲಿ ‘ಸ್ಪಷ್ಟವಾಗಿ ತೋರಿಸುತ್ತದೆ’ ಎಂದಿರುತ್ತದೆ. ಸೋಲುವ ಕರಡಿನಲ್ಲಿ ‘ಭಾಗವಹಿಸಿದವರ ಸಂಖ್ಯೆ ಕಡಿಮೆಯಾಗಿತ್ತು’, ‘ತರಬೇತಿಯ ಅವಧಿ ಸಾಲದೇ ಹೋಗಿರಬಹುದು’ ಎಂಬ ಸಾಲುಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಅಂಕಿ ಅವೇ, ಜನರೂ ಅವರೇ! ಹಾಗಾಗಿ ಒಂದು ಕರಡಿನಲ್ಲಿ ಬಂದ ಮಿತಿ ಇನ್ನೊಂದರಲ್ಲೂ ಬರಲೇಬೇಕು, ಇಲ್ಲವೇ ಎರಡರಿಂದಲೂ ಹೋಗಬೇಕು ಎಂದು ಹಟ ಹಿಡಿಯುತ್ತೇನೆ. ತಂಡದಲ್ಲಿ ಅತಿ ಹೆಚ್ಚು ಜಗಳವಾಗುವುದು ಇಲ್ಲೇ. ಹಿರಿಯರೊಬ್ಬರು ಇದನ್ನು ಕಾಲಹರಣ ಎಂದು ಕರೆದಿದ್ದಾರೆ.

ಎಲ್ಲರೂ ಸಹಿ ಹಾಕಿದ ಮೇಲೆ ಗುಟ್ಟು ಒಡೆಯುತ್ತೇವೆ. ನಿಜವಾದ ಕರಡು ಉಳಿಯುತ್ತದೆ, ಇನ್ನೊಂದು ಕಡತಕ್ಕೆ ಹೋಗುತ್ತದೆ. ಆನಂತರ ಹೊಸ ವಿವರಣೆ ಹೊಳೆದರೆ ಅದನ್ನು ತಡೆಯುವುದಿಲ್ಲ, ಆದರೆ ‘ಗುಂಪುಗಳು ತಿಳಿದ ನಂತರ ಸೇರಿಸಿದ್ದು’ ಎಂಬ ಟಿಪ್ಪಣಿ ಅದರ ಜೊತೆಗಿರಬೇಕು. ಪ್ರಬಂಧದ ಓಟಕ್ಕೆ ಆ ಟಿಪ್ಪಣಿ ಅಡ್ಡಿ, ತೆಗೆಯಿರಿ ಎಂಬ ಸಲಹೆ ಬರುವುದುಂಟು. ನಾನು ತೆಗೆಯುವುದಿಲ್ಲ.