ಮನೆ ನವೀಕರಣದ ಗುತ್ತಿಗೆ: ನೋಂದಣಿಗೂ ಮೊದಲು ಬರೆದ ಪಟ್ಟಿ

ಗುತ್ತಿಗೆ ಸಂಸ್ಥೆ ತೆರೆಯುವವರಲ್ಲಿ ಹೆಚ್ಚಿನವರು ಹೆಸರು ಹುಡುಕುವುದರಿಂದ ಆರಂಭಿಸುತ್ತಾರೆ. ನಾನು ಆರಂಭಿಸಿದ್ದು ಯಾವ ಕೆಲಸ ಒಪ್ಪುತ್ತೇನೆ, ಯಾವುದನ್ನು ಒಪ್ಪುವುದಿಲ್ಲ ಎಂಬ ಪಟ್ಟಿಯಿಂದ. ಟೈಲ್ಸ್, ಬಣ್ಣ, ಅಡುಗೆಮನೆಯ ಕಪಾಟು, ಸ್ನಾನಗೃಹದ ನವೀಕರಣ ಪಟ್ಟಿಯೊಳಗೆ ಬಂದವು. ಚಾವಣಿ, ಭಾರ ಹೊರುವ ಗೋಡೆ ಒಡೆಯುವುದು, ಹೊಸ ವೈರಿಂಗ್ ಹೊರಗೆ ಉಳಿದವು.

ಈ ಪಟ್ಟಿಯ ಬೆಲೆ ತಿಳಿಯುವುದು ಅರ್ಜಿ ತುಂಬುವಾಗ. ವ್ಯವಹಾರದ ಸ್ವರೂಪ ಏನು ಎಂದು ನೋಂದಣಿ ಕಚೇರಿಯೂ ಕೇಳುತ್ತದೆ, ವಿಮಾ ಕಂಪನಿಯೂ ಕೇಳುತ್ತದೆ. ಎಲ್ಲ ಬಗೆಯ ಕೆಲಸ ಎಂದು ಧಾರಾಳವಾಗಿ ಬರೆದರೆ ವಿಮೆಯ ಕಂತು ಏರುತ್ತದೆ. ಬರೆಯದೇ ಬಿಟ್ಟ ಕೆಲಸದಲ್ಲಿ ಹಾನಿಯಾದರೆ ಪರಿಹಾರ ಸಿಗದೆ ಹೋಗಬಹುದು. ಪಟ್ಟಿಯ ಹೊರಗಿಟ್ಟ ವೈರಿಂಗ್ ಬೇಕಾದಾಗ ಅದನ್ನು ಪರವಾನಗಿ ಉಳ್ಳವರಿಗೆ ಉಪಗುತ್ತಿಗೆ ಕೊಟ್ಟು, ಅವರ ಪರವಾನಗಿ ಮತ್ತು ವಿಮಾ ಪತ್ರದ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳುತ್ತೇನೆ.

ಏಕಮಾಲೀಕತ್ವ ಅಗ್ಗ, ಸುಲಭ. ಆದರೆ ಮೇಲ್ಮಹಡಿಯ ಸ್ನಾನಗೃಹ ಸೋರಿ ಕೆಳಗಿನ ಮನೆ ಹಾಳಾದರೆ ಮಾಲೀಕನ ಸ್ವಂತ ಉಳಿತಾಯಕ್ಕೂ ಕುತ್ತು. ಅದಕ್ಕಾಗಿ ಸೀಮಿತ ಹೊಣೆಗಾರಿಕೆಯ ಸಂಸ್ಥೆಯನ್ನೇ, ಅಂದರೆ ಸಂಸ್ಥೆಯ ಸಾಲ-ನಷ್ಟಕ್ಕೆ ಸಾಮಾನ್ಯವಾಗಿ ಮಾಲೀಕನ ಸ್ವಂತ ಆಸ್ತಿ ಹೊಣೆಯಾಗದ ಸಂಸ್ಥೆಯನ್ನು, ನೋಂದಾಯಿಸಿದೆ. ಸಾಲಕ್ಕೆ ವೈಯಕ್ತಿಕ ಜಾಮೀನು ಬರೆದುಕೊಟ್ಟರೆ ಆ ರಕ್ಷಣೆ ಅಷ್ಟರ ಮಟ್ಟಿಗೆ ಹೋಯಿತು. ಇದನ್ನು ಬ್ಯಾಂಕಿನವರು ಒತ್ತಿ ಹೇಳುವುದಿಲ್ಲ. ತೆರಿಗೆ ನೋಂದಣಿ, ಪ್ರತ್ಯೇಕ ಬ್ಯಾಂಕ್ ಖಾತೆ ಇವೆಲ್ಲ ಕಾಗದಪತ್ರ ಸರಿಯಿದ್ದರೆ ತಾವಾಗಿಯೇ ಮುಗಿಯುವ ಕೆಲಸಗಳು.

ದರ ನಿಗದಿಗೆ ಹೆಚ್ಚು ತಲೆ ಕೆಡಿಸಿಕೊಂಡೆ. 100 ರೂಪಾಯಿ ವೆಚ್ಚದ ಮೇಲೆ 25 ಸೇರಿಸಿದರೆ ಬಿಲ್ಲಿನಲ್ಲಿ ನಮಗೆ ಉಳಿಯುವುದು ಶೇ 20 ಮಾತ್ರ. ಶೇ 25 ಉಳಿಯಬೇಕಾದರೆ ಸುಮಾರು 33 ಸೇರಿಸಬೇಕು. ವಾಹನ, ಉಪಕರಣಗಳ ಸವೆತ, ವಿಮೆ, ಕೆಲಸವಿಲ್ಲದ ದಿನಗಳು ಎಲ್ಲವೂ ಅದರಿಂದಲೇ ನಡೆಯಬೇಕು.

ಒಪ್ಪಂದದಲ್ಲಿ ನಾನು ಬಗ್ಗದ ಷರತ್ತು ಒಂದಿದೆ: ಹೆಚ್ಚುವರಿ ಕೆಲಸಕ್ಕೆ ದರ ಬರೆದು ಇಬ್ಬರೂ ಸಹಿ ಹಾಕದೆ ಕೈ ಹಾಕುವುದಿಲ್ಲ. 'ಹೇಗೂ ಇಲ್ಲೇ ಇದ್ದೀರಲ್ಲ, ಇದನ್ನೂ ಮಾಡಿಬಿಡಿ' ಎಂಬ ವಿನಯದ ಮಾತಿಗೆ ಲಾಭ ಕರಗಿಸುವ ಶಕ್ತಿಯಿದೆ. ಮನೆಯವರು ಕೊಡಬೇಕಾದ ಹಣದ ಕಂತುಗಳನ್ನು ದಿನಾಂಕಕ್ಕಲ್ಲ, ಕೆಲಸದಲ್ಲಿ ಕಣ್ಣಿಗೆ ಕಾಣುವ ಹಂತಕ್ಕೆ ಜೋಡಿಸುತ್ತೇನೆ. ಸ್ನಾನಗೃಹವಾದರೆ ಜಲನಿರೋಧಕ ಲೇಪನ ಒಣಗಿದ ಮೇಲೆ 24 ಗಂಟೆ ನೀರು ನಿಲ್ಲಿಸಿ, ಸೋರಿಕೆಯಿಲ್ಲವೆಂದು ಮನೆಯವರಿಂದ ಸಹಿ ಪಡೆದು, ಆ ಕಂತು ಬಂದ ನಂತರವೇ ಟೈಲ್ಸ್ ಕೂರಿಸುತ್ತೇವೆ.