ಒಂದೇ ಒಂದು ಅಂಕ: ವೀವೈಲ್ ಆಡಿಸಲು ನಾನು ಕಲಿತ ಬಗೆ

ಗೆಂಗಾರ್ ನನ್ನ ವೀವೈಲ್‌ಗಿಂತ ಮೊದಲು ಹೊಡೆಯಿತು. ಹಾಗೆ ಆಗಬಾರದಿತ್ತು. ಪೋಕೆಮಾನ್‌ಗಳನ್ನು ಕಾದಾಡಿಸುವ ಆನ್‌ಲೈನ್ ಆಟವಾದ ಪೋಕೆಮಾನ್ ಶೋಡೌನ್‌ನಲ್ಲಿ ಆರಕ್ಕೆ ಆರು ಪೋಕೆಮಾನ್‌ಗಳ ಆಟ. ನನ್ನಲ್ಲಿ ಮೂರು ಉಳಿದಿದ್ದವು, ಎದುರಾಳಿಯಲ್ಲಿ ಎರಡು. ವೇಗದ ಮೂಲ ಅಂಕ ವೀವೈಲ್‌ಗೆ 125, ಗೆಂಗಾರ್‌ಗೆ 110. ನಾಕ್ ಆಫ್ ಎಂಬ ಹೊಡೆತ ಒತ್ತಿ ನಿಶ್ಚಿಂತೆಯಿಂದ ಕುಳಿತಿದ್ದೆ. ಪರದೆಯ ಮೇಲೆ ಮೊದಲು ಕಂಡದ್ದು ಗೆಂಗಾರ್‌ನ ಫೋಕಸ್ ಬ್ಲಾಸ್ಟ್. ವೀವೈಲ್ ಡಾರ್ಕ್ ಮತ್ತು ಐಸ್ ಎರಡೂ ಟೈಪ್ ಸೇರಿದ ಪ್ರಾಣಿ; ಫೈಟಿಂಗ್ ಟೈಪಿನ ಹೊಡೆತ ಅದಕ್ಕೆ ನಾಲ್ಕು ಪಟ್ಟು ತಗಲುತ್ತದೆ. ಒಂದೇ ಏಟಿಗೆ ಮಲಗಿತು, ಆಟವೂ ಅದರ ಜೊತೆಗೇ ಹೋಯಿತು.

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೂಕದ ಲೆಕ್ಕ ನೋಡಿಕೊಳ್ಳುತ್ತೇನೆ. ಒಳಗೆ ಬಂದ ಮೂಟೆಗೂ ಹೊರಗೆ ಹೋದ ಮೂಟೆಗೂ ಒಂದು ಕಿಲೋ ತಾಳೆಯಾಗದಿದ್ದರೆ ಅದು ಎಲ್ಲಿ ಹೋಯಿತೆಂದು ಹುಡುಕುವುದೇ ನನ್ನ ಕೆಲಸ. ಆ ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು. ಮೇಣದಬತ್ತಿ ಹಚ್ಚಿಕೊಂಡು ನೋಟ್‌ಪುಸ್ತಕ ತೆರೆದೆ. ನೂರನೆಯ ಹಂತದಲ್ಲಿ ವೇಗದ ಲೆಕ್ಕ ಹೀಗೆ: ಮೂಲ ಅಂಕದ ಎರಡರಷ್ಟು, ಅದಕ್ಕೆ ಹುಟ್ಟಿನಿಂದ ಬಂದ 31, ತರಬೇತಿಯಿಂದ ಹೆಚ್ಚೆಂದರೆ 63, ಕೊನೆಗೆ ಒಂದು 5. ವೀವೈಲ್‌ಗೆ 250, 31, 63, 5 ಕೂಡಿದರೆ 349. ಗೆಂಗಾರ್‌ಗೆ 319. ಆದರೆ ಟಿಮಿಡ್ ಸ್ವಭಾವ ಕೊಟ್ಟರೆ ವೇಗ ಹತ್ತರಲ್ಲಿ ಒಂದು ಪಾಲು ಹೆಚ್ಚುತ್ತದೆ. ದಶಾಂಶ ಬಿಟ್ಟರೆ 350.

349ಕ್ಕೆ ಎದುರಾಗಿ 350. ಒಂದೇ ಒಂದು ಅಂಕ. ಹೊಡೆತ ಜೋರಾಗಿರಲಿ ಎಂಬ ಆಸೆಗೆ ನನ್ನ ವೀವೈಲ್‌ಗೆ ಅಡಮಂಟ್ ಸ್ವಭಾವ ಕೊಟ್ಟಿದ್ದೆ. ಜಾಲಿ ಕೊಟ್ಟಿದ್ದರೆ ವೇಗ 383 ಆಗುತ್ತಿತ್ತು. ದಾಳಿಯಲ್ಲಿ 33 ಅಂಕ ಗಳಿಸಲು ಹೋಗಿ ವೇಗದಲ್ಲಿ 34 ಅಂಕ ಕಳೆದುಕೊಂಡಿದ್ದೆ. ಗೆಂಗಾರ್ ಒಂದೇ ಅಲ್ಲ, 110ರ ಮೂಲ ವೇಗವಿರುವ ಎಲ್ಲವೂ ಅದೇ ಮೆಟ್ಟಿಲಲ್ಲಿ ನಿಂತಿರುತ್ತವೆ. ಮೈ ಗಟ್ಟಿಯಿರುವ ಪೋಕೆಮಾನ್‌ಗೆ ಈ ಕೊಡುಕೊಳ್ಳುವಿಕೆ ಲಾಭವಾಗಬಹುದು. ವೀವೈಲ್‌ನ ರಕ್ಷಣೆಯ ಮೂಲ ಅಂಕ ಬರೀ 65. ಅದು ಎರಡನೆಯದಾಗಿ ಹೊಡೆಯಬೇಕಾಗಿ ಬಂದರೆ ಹೊಡೆಯಲು ಉಳಿದಿರುವುದೇ ಅನುಮಾನ.

ಅಂದಿನಿಂದ ನೋಟ್‌ಪುಸ್ತಕದ ಒಂದು ಪುಟ ವೇಗದ ಅಂಕಗಳಿಗೇ ಮೀಸಲು. ಮೇಲೆ ಡ್ರಾಗಾಪಲ್ಟ್ 421, ಅದರ ಕೆಳಗೆ ನನ್ನ 383, ನಂತರ ಐರನ್ ವೇಲಿಯಂಟ್ 364, ಗೆಂಗಾರ್ 350, ಗ್ರೇಟ್ ಟಸ್ಕ್ 300. ಇವೆಲ್ಲ ವೇಗಕ್ಕೇ ಪೂರ್ತಿ ಸುರಿದಾಗ ಬರುವ ಗರಿಷ್ಠ ಅಂಕಗಳು. ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲಿದೆ: ಘೋಲ್ಡೆಂಗೋ 293, ಚಾಯ್ಸ್ ಸ್ಕಾರ್ಫ್ ತೊಟ್ಟರೆ 439. ಸ್ಕಾರ್ಫ್ ವೇಗವನ್ನು ಒಂದೂವರೆ ಪಟ್ಟು ಮಾಡುತ್ತದೆ, ಬದಲಿಗೆ ಕಣದಲ್ಲಿರುವಷ್ಟು ಹೊತ್ತೂ ಒಂದೇ ಹೊಡೆತಕ್ಕೆ ಕಟ್ಟಿಹಾಕುತ್ತದೆ. ಆದ್ದರಿಂದ ಎದುರಾಳಿಯ ನಿಧಾನದ ಪೋಕೆಮಾನ್ ಯಾವುದಾದರೂ ತನಗೆ ಮೀರಿದ ವೇಗ ತೋರಿಸಿತೇ ಎಂದು ಮೊದಲ ಐದಾರು ಸರದಿ ಕಣ್ಣಿಟ್ಟು ನೋಡುತ್ತೇನೆ. ನೋಡುವವರೆಗೂ ವೀವೈಲ್ ಹೊರಬರುವುದಿಲ್ಲ.

ಇಷ್ಟು ಮಾಡಿಯೂ ಸೋಲುತ್ತಿದ್ದೆ. ಅದೇ ನನಗೆ ಬಹಳ ದಿನ ಅರ್ಥವಾಗದೆ ಉಳಿದ ವಿಷಯ.

ಆಲೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆ. ದೊಡ್ಡಪ್ಪನ ಮಗ ಪ್ರಾಯದಲ್ಲಿ ಊರಿನ ಕಬಡ್ಡಿ ತಂಡದಲ್ಲಿ ರೈಡರ್ ಆಗಿದ್ದವನು. ಸಣಕಲು ಮೈ, ಹಿಡಿದರೆ ಇಬ್ಬರು ಸಾಕು, ಆದರೆ ಹಿಡಿಯಲು ಸಿಗುತ್ತಿರಲಿಲ್ಲ. ಒಂದು ಭಾನುವಾರ ನಾನು ಮೊಬೈಲ್‌ನಲ್ಲಿ ಆಡುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತ. ಪೋಕೆಮಾನ್ ಎಂದರೆ ಅವನಿಗೆ ಏನೂ ಗೊತ್ತಿಲ್ಲ. ನನ್ನ ವೀವೈಲ್ ಒಂದನ್ನು ಹೊಡೆದು ಉರುಳಿಸಿತು. ಎದುರಾಳಿ ಸಿಜರ್ ಇಳಿಸಿದ. ನಾನು ವೀವೈಲ್ ಅನ್ನು ಅಲ್ಲೇ ಬಿಟ್ಟು ಮತ್ತೆ ಹೊಡೆಯಲು ಹೊರಟೆ. ಸಿಜರ್‌ನ ಬುಲೆಟ್ ಪಂಚ್ ವೇಗದ ಅಂಕವನ್ನು ಲೆಕ್ಕಿಸದೆ ಮೊದಲೇ ಬರುವ ಹೊಡೆತ. ವೀವೈಲ್ ಹೋಯಿತು.

“ಮುಟ್ಟಿ ಆಯಿತಲ್ಲ, ಮತ್ತೆ ಏಕೆ ಅಲ್ಲೇ ನಿಲ್ಲಿಸಿದೆ?” ಎಂದ ಅಣ್ಣ.

“ಇನ್ನೊಂದನ್ನೂ ಹೊಡೆಯಬಹುದಿತ್ತು ಅಣ್ಣ.”

“ಗೆರೆ ದಾಟಿ ವಾಪಸ್ ಬಂದರೆ ತಾನೇ ಪಾಯಿಂಟು? ಅಂಗಳದಲ್ಲಿ ಸಿಕ್ಕಿಬಿದ್ದವನ ಕೈ ಎಷ್ಟು ಜನರನ್ನು ಮುಟ್ಟಿದರೇನು?”

ಅವನು ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದ. ನಾನು ಹಳೆಯ ಆಟಗಳ ದಾಖಲೆ ತೆಗೆದು ಒಂದೊಂದಾಗಿ ನೋಡಿದೆ. ವೀವೈಲ್ ಸತ್ತ ಹೆಚ್ಚಿನ ಕಡೆ ಅದು ಆಗಷ್ಟೇ ಒಂದು ಒಳ್ಳೆಯ ಕೆಲಸ ಮುಗಿಸಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ನಾನೇ ಅದನ್ನು ಹಿಂದಕ್ಕೆ ಕರೆಯದೆ ಬಿಟ್ಟಿದ್ದೆ.

ಹಿಂದಕ್ಕೆ ಕರೆಯಬೇಕೆಂದರೆ ಮತ್ತೆ ಒಳಗೆ ತರಬೇಕು, ಕಷ್ಟವಿರುವುದು ಅಲ್ಲಿ. ಎದುರಾಳಿ ಸ್ಟೆಲ್ತ್ ರಾಕ್ ಹರಡಿದ್ದರೆ ಕಣಕ್ಕೆ ಇಳಿದಾಗಲೆಲ್ಲ ಕಲ್ಲು ಚುಚ್ಚುತ್ತದೆ. ಐಸ್ ಟೈಪಿಗೆ ಕಲ್ಲಿನ ಏಟು ಎರಡು ಪಟ್ಟು, ಹಾಗಾಗಿ ಪ್ರತಿ ಸಲ ಜೀವದ ಕಾಲು ಭಾಗ ಹೋಗುತ್ತದೆ. ನನ್ನ ವೀವೈಲ್‌ನ ಜೀವ 281. ಕಾಲು ಭಾಗ 70. ಯಾರೂ ಮುಟ್ಟದಿದ್ದರೂ ನಾಲ್ಕನೆಯ ಸಲ ಇಳಿದಾಗ ಉಳಿಯುವುದು 1. ಈ ಕಾರಣಕ್ಕೇ ಹೆವಿ ಡ್ಯೂಟಿ ಬೂಟ್ಸ್ ಬಿಟ್ಟು ಬೇರೆ ಯಾವ ವಸ್ತುವನ್ನೂ ನಾನು ಅದಕ್ಕೆ ಕೊಡುವುದಿಲ್ಲ. ಬೂಟ್ಸ್ ಇದ್ದರೆ ಕಲ್ಲು ತಾಗುವುದಿಲ್ಲ. ಚಾಯ್ಸ್ ಬ್ಯಾಂಡ್ ಕೊಟ್ಟರೆ ಹೊಡೆತ ಒಂದೂವರೆ ಪಟ್ಟಾಗುತ್ತದೆ ಎನ್ನುವವರಿದ್ದಾರೆ. ನಿಜ. ಆದರೆ ಒಂದು ದೊಡ್ಡ ಹೊಡೆತಕ್ಕಿಂತ ಐದು ಸಲ ಮೈ ನೋಯಿಸಿಕೊಳ್ಳದೆ ಬಂದು ಹೋಗುವುದು ನನಗೆ ಹೆಚ್ಚು ಗೆಲುವು ತಂದಿದೆ.

ಕಲ್ಲಿನಿಂದ ತಪ್ಪಿಸಿಕೊಂಡರೂ ಎದುರಾಳಿಯ ಹೊಡೆತವಿದೆ. ಸುಮ್ಮನೆ ಬದಲಾಯಿಸಿದರೆ ಆ ಸರದಿಯ ಏಟು ಒಳಗೆ ಬರುವವರ ಮೇಲೆ ಬೀಳುತ್ತದೆ. ವೀವೈಲ್ ಅದನ್ನು ತಾಳುವುದಿಲ್ಲ. ಹಾಗಾಗಿ ಅದರ ಜೊತೆಗೆ ನಿಧಾನದವರೇ ಬೇಕು, ಇದನ್ನು ಒಪ್ಪಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು. ಮೊದಲು ತಂಡದ ಆರೂ ಜನ ಓಟಗಾರರೇ ಆಗಿದ್ದರು. ಈಗ ಗ್ಯಾಲಾರ್ ಪ್ರದೇಶದ ಸ್ಲೋಕಿಂಗ್ ಇದೆ, ಅದರ ವೇಗದ ಮೂಲ ಅಂಕ 30. ಅದಕ್ಕೆ ಚಿಲ್ಲಿ ರಿಸೆಪ್ಷನ್ ಎಂಬ ವಿದ್ಯೆ ಗೊತ್ತು: ತಾನು ಹಿಂದೆ ಸರಿದು ಇನ್ನೊಬ್ಬರನ್ನು ಕಣಕ್ಕೆ ಬಿಡುತ್ತದೆ, ಹೋಗುವಾಗ ಐದು ಸರದಿ ಹಿಮ ಬೀಳಿಸಿ ಹೋಗುತ್ತದೆ. ಸ್ಲೋಕಿಂಗ್ ನಿಧಾನವಾದ್ದರಿಂದ ಎದುರಾಳಿಯೇ ಮೊದಲು ಹೊಡೆಯುತ್ತಾನೆ, ಏಟು ಸ್ಲೋಕಿಂಗ್‌ನ ದಪ್ಪ ಮೈಮೇಲೆ ಬೀಳುತ್ತದೆ. ಆಮೇಲೆ ಅದು ಸರಿಯುತ್ತದೆ, ಗೀರೂ ಇಲ್ಲದ ವೀವೈಲ್ ಬಂದು ನಿಲ್ಲುತ್ತದೆ. ಹಿಮ ಬೀಳುವಾಗ ಐಸ್ ಟೈಪಿನ ರಕ್ಷಣೆ ಒಂದೂವರೆ ಪಟ್ಟಾಗುವುದರಿಂದ 65ರ ಪೊಳ್ಳು ಮೈಗೂ ಸ್ವಲ್ಪ ಬಿಗಿ ಬರುತ್ತದೆ. ಕಾರ್ವಿನೈಟ್‌ನ ಯು-ಟರ್ನ್‌ನಿಂದಲೂ ಇದೇ ಕೆಲಸ ಆಗುತ್ತದೆ, ಹಿಮವೊಂದಿಲ್ಲ.

ಹೊಡೆತಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನಾಕ್ ಆಫ್ ಎದುರಾಳಿಯ ವಸ್ತುವನ್ನು ಕಿತ್ತು ಬಿಸಾಡುತ್ತದೆ. ಟ್ರಿಪಲ್ ಆಕ್ಸೆಲ್ ಮೂರು ಸಲ ಒದೆಯುತ್ತದೆ, ಒಂದೊಂದಕ್ಕೂ ನೂರಕ್ಕೆ 90ರ ಗುರಿ, ಮೂರೂ ತಗಲುವುದು ನೂರಕ್ಕೆ ಸುಮಾರು 73 ಸಲ. ದಾಳಿಯನ್ನು ಎರಡು ಪಟ್ಟು ಮಾಡುವ ಸ್ವೋರ್ಡ್ಸ್ ಡ್ಯಾನ್ಸ್ ಅನ್ನು ಆಟದ ಆರಂಭದಲ್ಲೇ ಆಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಮೊದಲೇ ಬರುವ ಹೊಡೆತದವರು ಎದುರಿಗೆ ಬದುಕಿರುವವರೆಗೆ ದಾಳಿ ಎಷ್ಟು ಪಟ್ಟಾದರೂ ಪ್ರಯೋಜನವಿಲ್ಲ. ನಾಲ್ಕನೆಯದು ಐಸ್ ಶಾರ್ಡ್. ಶಕ್ತಿ ಬರೀ 40, ಆದರೆ ಅದೂ ಮೊದಲೇ ಬರುವ ಹೊಡೆತ. ವೀವೈಲ್‌ನ ಹಳೆಯ ರೂಪವಾದ ಸ್ನೀಸೆಲ್ 1999ರಲ್ಲಿ ಬಂದಾಗ ಐಸ್ ಮತ್ತು ಡಾರ್ಕ್ ಹೊಡೆತಗಳೆಲ್ಲ ಸ್ಪೆಷಲ್, ಅಂದರೆ ಮೈಬಲದಿಂದಲ್ಲದ ಹೊಡೆತಗಳ, ಲೆಕ್ಕಕ್ಕೆ ಸೇರುತ್ತಿದ್ದವು. ಅದರ ಶಕ್ತಿಯಿದ್ದದ್ದು ಉಗುರಿನಲ್ಲಿ, ತನ್ನದೇ ಟೈಪಿನ ಹೊಡೆತಗಳು ಅದಕ್ಕೆ ದಕ್ಕಲೇ ಇಲ್ಲ. ವೀವೈಲ್ ಬಂದ 2006ರಲ್ಲಿ ಆ ನಿಯಮ ಬದಲಾಯಿತು. ಏಳು ವರ್ಷ ತನ್ನ ಕೈಯೇ ತನಗೆ ಒದಗದೆ ಇದ್ದ ಪ್ರಾಣಿ ಅದು. ನನಗೆ ವೀವೈಲ್ ಮೇಲೆ ಮಮತೆ ಬೆಳೆದದ್ದು ಈ ಸಂಗತಿ ತಿಳಿದ ಮೇಲೆ.

ಕಲಿತದ್ದೆಲ್ಲ ಒಟ್ಟಿಗೆ ಕೈಗೆ ಬಂದ ಆಟ ಒಂದಿದೆ. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳು, ಪೇಟೆ ತುಂಬ ಜನ, ಸಂಜೆ ಮನೆ ಸೇರುವುದೇ ತಡವಾಗಿತ್ತು. ಎದುರಾಳಿಯ ಬಳಿ ಉಳಿದದ್ದು ಡ್ರಾಗೋನೈಟ್ ಒಂದೇ. ನನ್ನ ಬಳಿ ಸ್ಲೋಕಿಂಗ್ ಮತ್ತು ವೀವೈಲ್. ಅಲ್ಲಿಯವರೆಗೆ ವೀವೈಲ್ ಅನ್ನು ಮೂರು ಸಲ ಇಳಿಸಿ ಮೂರು ಸಲವೂ ವಾಪಸ್ ಕರೆದಿದ್ದೆ. ಜೀವ 281 ಪೂರ್ತಿ ಇತ್ತು. ಆಟಕ್ಕೊಮ್ಮೆ ಒಂದು ಪೋಕೆಮಾನ್‌ನ ಟೈಪ್ ಬದಲಿಸುವ ಟೆರಾ ಬದಲಾವಣೆಯನ್ನು ಎದುರಾಳಿ ಬೇರೊಂದಕ್ಕೆ ಆಗಲೇ ಬಳಸಿಬಿಟ್ಟಿದ್ದ. ಅಂದರೆ ಐಸ್ ಹೊಡೆತ ಡ್ರಾಗೋನೈಟ್‌ಗೆ ನಾಲ್ಕು ಪಟ್ಟೇ ತಗಲಬೇಕು.

ಡ್ರಾಗೋನೈಟ್ ಒಳಗೆ ಬಂದು ಸ್ಲೋಕಿಂಗ್‌ನ ಸ್ಲಡ್ಜ್ ಬಾಂಬ್ ತಿಂದಿತು. ಜೀವ ಪೂರ್ತಿ ಇದ್ದಾಗ ಮಲ್ಟಿಸ್ಕೇಲ್ ಎಂಬ ಅದರ ಗುಣ ಹೊಡೆತವನ್ನು ಅರ್ಧ ಮಾಡುತ್ತದೆ. ಆ ಕವಚ ಅಲ್ಲಿಗೆ ಮುಗಿಯಿತು. ಜೀವದ ಪಟ್ಟಿಯಲ್ಲಿ ನೂರಕ್ಕೆ 81 ಎಂದು ತೋರಿಸಿತು. ನೋಟ್‌ಪುಸ್ತಕ ಎಳೆದುಕೊಂಡೆ. ತರಬೇತಿಯಲ್ಲಿ ಜೀವಕ್ಕೆ ಏನೂ ಹಾಕಿಲ್ಲವೆಂದರೆ ಅದರ ಜೀವ 323, ಅದರಲ್ಲಿ ನೂರಕ್ಕೆ 81 ಎಂದರೆ 261. ನನ್ನ ಐಸ್ ಶಾರ್ಡ್ ಕಡಿಮೆಯೆಂದರೆ 264, ಹೆಚ್ಚೆಂದರೆ 312. ಕೆಳಗಿನ ಅಂಚಿನಲ್ಲಿ ಮೂರು ಅಂಕದ ಅಂತರ. ಜೀವಕ್ಕೆ ಹಾಕಿದ್ದರೆ ಮುಗಿಯಿತು.

ಅವನು ಡ್ರಾಗನ್ ಡ್ಯಾನ್ಸ್ ಆಡಿದ. ಅಡಮಂಟ್ ಆಗಿದ್ದರೂ ಒಂದು ಡ್ಯಾನ್ಸ್‌ಗೆ ಅದರ ವೇಗ 388ಕ್ಕೆ ಏರುತ್ತದೆ, ನನ್ನದಕ್ಕಿಂತ 5 ಹೆಚ್ಚು. ಅದೇ ಸರದಿಯಲ್ಲಿ ಸ್ಲೋಕಿಂಗ್ ಹಿಮ ಬೀಳಿಸಿ ಸರಿಯಿತು, ವೀವೈಲ್ ಬಂತು. ಎಕ್ಸ್‌ಟ್ರೀಮ್ ಸ್ಪೀಡ್ ನನ್ನ ಐಸ್ ಶಾರ್ಡ್‌ಗಿಂತಲೂ ಮೊದಲು ಬರುವ ಹೊಡೆತ, ಅವನು ಅದನ್ನೇ ಒತ್ತುತ್ತಾನೆಂದು ಗೊತ್ತಿತ್ತು. ಹಿಮದಲ್ಲಿ ಅದು 165ಕ್ಕಿಂತ ಹೆಚ್ಚು ತೆಗೆಯಲಾರದು. ಐಸ್ ಶಾರ್ಡ್ ಒತ್ತಿ ಮೊಬೈಲ್ ಅನ್ನು ಮೇಜಿನ ಮೇಲಿಟ್ಟೆ.

ಏಟು ಬಿತ್ತು. 129 ಉಳಿಯಿತು. ನಂತರ ನೀಲಿ ಚೂರುಗಳು ಹಾರಿದವು, ಡ್ರಾಗೋನೈಟ್‌ನ ಪಟ್ಟಿ ಕೆಂಪಿಗೆ ಇಳಿದು ಖಾಲಿಯಾಯಿತು.

ಸಿಜರ್ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಸ್ಟೀಲ್ ಟೈಪಿನವರು ಬದಲಾಗದಂತೆ ಹಿಡಿದಿಡುವ ಮ್ಯಾಗ್ನೆಝೋನ್ ಅನ್ನು ಈಗ ತಂಡಕ್ಕೆ ಸೇರಿಸಿ ನೋಡುತ್ತಿದ್ದೇನೆ. ಆದರೆ ಸಿಜರ್‌ಗೂ ಯು-ಟರ್ನ್ ಗೊತ್ತಿದೆ, ಆ ಹಿಡಿತದಿಂದ ಅದರಲ್ಲೇ ಜಾರಿಕೊಳ್ಳುತ್ತದೆ. ಬರುವ ಭಾನುವಾರ ಆಲೂರಿಗೆ ಹೋದಾಗ ಅಣ್ಣನ ಪಕ್ಕದಲ್ಲೇ ಕುಳಿತು ಒಂದೆರಡು ಆಟ ಆಡಬೇಕು.